ಹುರುಳಿ ಹಾಸಿದ ರಸ್ತೆಯಲ್ಲಿ ಸೈಕಲ್ ರೇಸು

ಮಟ್ಟಸ ರಸ್ತೆ ಸುಲಭ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಏರಿನಲ್ಲಿ ಕಷ್ಟಪಟ್ಟರೆ ಇಳಿಜಾರಿನಲ್ಲಿ ಕಾಲು ಬಿಟ್ಟು ಕೂರಬಹುದು. ಮಟ್ಟಸ ರಸ್ತೆಯಲ್ಲಿ ಆ ಭಾಗ್ಯವಿಲ್ಲ. ತುಳಿದಷ್ಟೇ ಮುಂದಕ್ಕೆ, ನಿಲ್ಲಿಸಿದರೆ ನಿಂತಲ್ಲೇ. ಅದರ ಮೇಲೆ ಎದುರುಗಾಳಿ ಬೇರೆ. ಎಪ್ಪತ್ತರ ದಶಕದ ನಡುವೆ, ಮಂಡ್ಯದಲ್ಲಿ ಬಿ.ಎ. ಮೊದಲನೆಯ ವರ್ಷ ಓದುತ್ತಿದ್ದಾಗ, ನಾನು ಹೆಣ್ಣುಮಕ್ಕಳ ಮೂರು ದಿನದ ಸೈಕಲ್ ರೇಸಿಗೆ ಹೆಸರು ಕೊಟ್ಟೆ. ಅದರ ಎರಡನೆಯ ದಿನ ಪೂರ್ತಿ ಮಟ್ಟಸ ರಸ್ತೆ. ಆ ಒಂದು ದಿನದಲ್ಲಿ ನನಗೆ ಎಷ್ಟು ನಗು ಬಂತೋ ಅಷ್ಟೇ ಸಿಟ್ಟೂ ಬಂತು.

ರೇಸಿಗೆ ಸೇರಿದ್ದು ಶೋಕಿಗಲ್ಲ. ನಮ್ಮೂರು ಬಸರಾಳಿನ ದಾರಿಯಲ್ಲಿತ್ತು, ಮಂಡ್ಯದಿಂದ ಹನ್ನೊಂದು ಕಿಲೋಮೀಟರು. ಮನೆಯಲ್ಲಿದ್ದದ್ದು ಒಂದೇ ಸೈಕಲ್ಲು, ಅದು ಅಪ್ಪನದು. ಅಪ್ಪ ನಮ್ಮೂರಿನ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಸ್ಕೂಲು ಮನೆಯಿಂದ ಕೂಗಳತೆಯಲ್ಲಿದ್ದದ್ದರಿಂದ ಸೈಕಲ್ಲು ನನಗೆ ದಕ್ಕಿತ್ತು. ಊರಿಗೆ ಬರುವ ಬಸ್ಸು ಹತ್ತೂವರೆಗೆ, ಕಾಲೇಜು ಶುರುವಾಗುವುದು ಹತ್ತಕ್ಕೆ. ಅಂದರೆ ಸೈಕಲ್ಲಿದ್ದರೆ ಕಾಲೇಜು, ಇಲ್ಲದಿದ್ದರೆ ಮನೆ.

ಆ ವರ್ಷ ಅಪ್ಪನಿಗೆ ಹೆಡ್‌ಮಾಸ್ಟರಾಗಿ ಬಡ್ತಿ ಬಂತು. ಎಲ್ಲರೂ ಸಂತೋಷಪಟ್ಟರು, ನಾನು ಮಾತ್ರ ಸೈಕಲ್ಲಿನ ಕಡೆ ನೋಡಿದೆ. ಹೊಸ ಸ್ಕೂಲು ಕಿರುಗಾವಲಿನ ಹತ್ತಿರ. ಜೂನಿನಿಂದ ಅಪ್ಪ ಬೆಳಗ್ಗೆ ಆರಕ್ಕೇ ಸೈಕಲ್ಲಿನಲ್ಲಿ ಮಂಡ್ಯಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯಬೇಕು, ವಾಪಸು ಬರುವುದು ರಾತ್ರಿ ಏಳಕ್ಕೆ. ನಾನೂ ಹಿಂದೆ ಕೂತು ಹೋಗುತ್ತೇನೆ ಎಂದೆ. ಏಳರಿಂದ ಹತ್ತರವರೆಗೆ, ಮತ್ತೆ ನಾಲ್ಕರಿಂದ ಆರರವರೆಗೆ ಬೆಳೆದ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಕೂರುವುದುಂಟೇ ಎಂದು ಅವ್ವ ಒಂದೇ ಮಾತಿಗೆ ತಳ್ಳಿಹಾಕಿದಳು. ಹಾಸ್ಟೆಲಿನ ಮಾತು ನಮ್ಮ ಮನೆಯಲ್ಲಿ ಏಳುವಂತೆಯೇ ಇರಲಿಲ್ಲ. ಅಪ್ಪ ಸೈಕಲ್ಲು ಒರೆಸುತ್ತಾ ಕೂತಿದ್ದ.

ಅಷ್ಟರಲ್ಲಿ ಮಂಡ್ಯದ ಮಹಿಳಾ ಸಂಘವೊಂದು ಈ ರೇಸು ಹೂಡಿತು. ಮೊದಲ ಬಹುಮಾನ ಹೊಸ ಲೇಡೀಸ್ ಸೈಕಲ್ಲು, ಎರಡನೆಯದು ಸ್ಟೀಲಿನ ಟಿಫನ್ ಕ್ಯಾರಿಯರು, ಮೂರನೆಯದು ಗೋಡೆ ಗಡಿಯಾರ. ಆ ಸೈಕಲ್ಲನ್ನು ಪೇಟೆಬೀದಿಯ ಅಂಗಡಿಯೊಂದರ ಮುಂದೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಎಲೆಹಸಿರು ಬಣ್ಣ, ಮುಂದೆ ಬುಟ್ಟಿ. ಕಾಲೇಜು ಬಿಟ್ಟ ಮೇಲೆ ದಿನವೂ ಹೋಗಿ ಅದರ ಬೆಲ್ಲನ್ನು ಒಮ್ಮೆ ಹೊಡೆದು ಬರುತ್ತಿದ್ದೆ. ಅಂಗಡಿಯವನು ಮೊದಲೆರಡು ದಿನ ಬೈದ, ಆಮೇಲೆ ನಾನು ಬರುವ ಹೊತ್ತಿಗೆ ಒಳಗೆ ತಿರುಗಿ ಕೂರುತ್ತಿದ್ದ.

ಓಡಿಸುವವರು ಹದಿನಾಲ್ಕು ಜನ ಹುಡುಗಿಯರು. ಎಲ್ಲರದೂ ಅಪ್ಪನದೋ ಅಣ್ಣನದೋ ಗಂಡಸರ ಸೈಕಲ್ಲು. ಲಂಗದ ಕೆಳಗೆ ಅಣ್ಣತಮ್ಮಂದಿರ ಪೈಜಾಮ ತೊಟ್ಟು, ಬೆನ್ನಿಗೆ ನಂಬರಿನ ಬಟ್ಟೆ, ನನ್ನದು ಏಳು, ಪಿನ್ನು ಮಾಡಿಕೊಂಡು ನಿಂತರೆ ನಮ್ಮನ್ನು ನೋಡಿ ನಮಗೇ ನಗು. ನಮ್ಮನ್ನು ತಯಾರು ಮಾಡಿದವರು ಕಾಲೇಜಿನ ಪಿ.ಟಿ. ಮೇಷ್ಟ್ರು. ಹಗುರ ಸೈಕಲ್ಲೇ ವೇಗದ ಸೈಕಲ್ಲು ಎಂದು ಅವರು ಎಲ್ಲರ ಸೈಕಲ್ಲಿನಿಂದ ಮಡ್ಗಾರ್ಡು, ಕ್ಯಾರಿಯರು, ಚೈನಿನ ಕವರು ಎಲ್ಲ ಬಿಚ್ಚಿಸಿದರು. ನಮ್ಮಪ್ಪ ಒಪ್ಪಲಿಲ್ಲ. ಅಪ್ಪನ ಸೈಕಲ್ಲಿಗೆ ಪಂಚೆಗೆ ಎಣ್ಣೆ ತಾಗದಂತೆ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಪೆಟ್ಟಿಗೆಯಿತ್ತು. ಅದನ್ನು ಬಿಚ್ಚುವ ಮಾತೆತ್ತಿದ್ದೇ ತಡ, "ಬಟ್ಟೆ ಬಿಚ್ಚಿ ಬೀದಿಗೆ ಬುಡಕಾದದಾ?" ಎಂದು ಅಪ್ಪ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಿಂತುಬಿಟ್ಟ. ಹದಿಮೂರು ಬೋಳು ಸೈಕಲ್ಲುಗಳ ನಡುವೆ ನನ್ನದು ಮದುವೆಗೆ ಹೊರಟ ಹಿರಿಯರ ಹಾಗೆ ನಿಂತಿತ್ತು.

ಮೊದಲ ದಿನ ಮಂಡ್ಯದಿಂದ ಬಸರಾಳಿಗೆ ಹೋಗಿ ಬರುವುದು. ಅದು ನಾನು ದಿನವೂ ತುಳಿಯುವ ರಸ್ತೆ, ಯಾವ ಏರಿನಲ್ಲಿ ಎಲ್ಲಿ ಎದ್ದು ನಿಂತು ತುಳಿಯಬೇಕೆಂದು ನನ್ನ ಕಾಲಿಗೇ ಗೊತ್ತು. ಎಲ್ಲರಿಗಿಂತ ಒಂದು ನಿಮಿಷ ಮುಂದೆ ಬಂದೆ. ಎರಡನೆಯವಳು ಮದ್ದೂರಿನ ಕಡೆಯ ಗೌಡರ ಮನೆ ಹುಡುಗಿ. ಆರಡಿ ಎನ್ನುವಷ್ಟು ಎತ್ತರ, ಗದ್ದೆಯಲ್ಲಿ ದುಡಿದ ಕಾಲು. ಮೂರು ದಿನದ ಹೊತ್ತನ್ನೂ ಕೂಡಿಸಿ ಯಾರದು ಕಡಿಮೆಯೋ ಅವರಿಗೆ ಸೈಕಲ್ಲು. ಏರಿನಲ್ಲಿ ನಾನು ಹಗುರ, ಮಟ್ಟಸ ರಸ್ತೆಯಲ್ಲಿ ಅವಳು ಯಂತ್ರ. ಆದ್ದರಿಂದ ಎರಡನೆಯ ದಿನ ನನಗಿದ್ದದ್ದು ಒಂದೇ ಕೆಲಸ. ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು, ಗಾಳಿಯೆಲ್ಲ ಅವಳೇ ತಿನ್ನುವಂತೆ ಮಾಡಿ, ಅವಳ ಜೊತೆಯಲ್ಲೇ ಮಳವಳ್ಳಿ ತಲುಪುವುದು. ಹಾಗಾದರೆ ನನ್ನ ಒಂದು ನಿಮಿಷ ನನ್ನ ಹತ್ತಿರವೇ ಉಳಿಯುತ್ತದೆ ಎಂದು ಪಿ.ಟಿ. ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದರು.

ಸಂಕ್ರಾಂತಿ ಕಳೆದ ಹೊಸತು, ಬೆಳಗ್ಗೆ ಇನ್ನೂ ಚಳಿ. ಏಳು ಗಂಟೆಗೆ ಮಂಡ್ಯದಿಂದ ಹೊರಟೆವು. ಮದ್ದೂರಿನವರೆಗೆ ಹದಿನಾಲ್ಕೂ ಸೈಕಲ್ಲು ಒಂದೇ ಗುಂಪು. ಎರಡೂ ಕಡೆ ಕಬ್ಬು, ನಡುವೆ ಟಾರು, ಎದುರಿನಿಂದ ಗಾಳಿ. ನಾನು ಆ ಎತ್ತರದ ಹುಡುಗಿಯ ಬೆನ್ನಿನ ಹಿಂದೆ ಅವಿತುಕೊಂಡು ಹಾಯಾಗಿದ್ದೆ. ಅವಳು ಆಗಾಗ ತಿರುಗಿ ನೋಡುವಳು. ಕೊನೆಗೊಮ್ಮೆ ತಡೆಯಲಾರದೆ, ನಾನೇನು ನಿನ್ನ ಬಾಡಿಗೆ ಎತ್ತೇ ಎಂದು ಕೇಳಿದಳು. ಎತ್ತಾದರೂ ಸರಿ, ಲಾರಿಯಾದರೂ ಸರಿ, ನಿನ್ನ ಹಿಂದೆಯೇ ಬರುವವಳು ನಾನು ಎಂದೆ. ಇಬ್ಬರಿಗೂ ನಗು ಬಂತು. ನಗುತ್ತಾ ತುಳಿದರೆ ಉಸಿರು ಹಿಡಿಯುತ್ತದೆ, ಅದಕ್ಕೇ ಇಬ್ಬರೂ ಸುಮ್ಮನಾದೆವು.

ನಮ್ಮ ಹಿಂದೆ ತೀರ್ಪುಗಾರರ ಜೀಪೊಂದು ಬರಬೇಕಿತ್ತು. ಮದ್ದೂರಿನವರೆಗೆ ಬಂತು. ಅಲ್ಲಿ ವಡೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಟ್ಟಸ ರಸ್ತೆಯಲ್ಲಿ ಇನ್ನೇನಾಗುವುದಿದೆ, ಐದು ನಿಮಿಷದಲ್ಲಿ ಹಿಡಿಯೋಣ ಎಂದು ಎಲ್ಲರೂ ಇಳಿದರಂತೆ. ಆ ಐದು ನಿಮಿಷ ಅರ್ಧ ಗಂಟೆಯಾಯಿತೆಂದು ಆಮೇಲೆ ತಿಳಿಯಿತು. ಅವರನ್ನು ನಾನು ಬೈಯುವುದಿಲ್ಲ. ಬಿಸಿ ಎಣ್ಣೆಯಿಂದ ಆಗತಾನೆ ಎತ್ತಿದ ವಡೆಯೆದುರು ನನ್ನನ್ನೂ ಕೂರಿಸಿದ್ದರೆ ರೇಸನ್ನು ಮರೆಯುತ್ತಿದ್ದೆನೋ ಏನೋ.

ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗಿ ಸುಮಾರು ದೂರ ಹೋದ ಮೇಲೆ ನನ್ನ ಸೈಕಲ್ಲಿನ ಪೆಟ್ಟಿಗೆಯೊಳಗೆ ಕಟಕಟ ಸದ್ದಾಯಿತು. ಪೆಡಲು ಗಾಳಿಯಲ್ಲಿ ತಿರುಗಿತು. ಚೈನು ಬಿದ್ದಿತ್ತು. ಕೂಗಲು ಬಾಯಿ ತೆರೆದೆ, ಕೂಗಿ ಏನು ಮಾಡುವುದು ಎಂದು ಮುಚ್ಚಿದೆ. ಆ ಹೊತ್ತಿಗೆ ನಾನು ನೀರು ಕುಡಿಯಲೆಂದು ಗುಂಪಿನ ಬಾಲಕ್ಕೆ ಸರಿದಿದ್ದೆ. ಮುಂದಿದ್ದ ಹದಿಮೂರು ಬೆನ್ನುಗಳಲ್ಲಿ ಒಂದೂ ಹಿಂದೆ ತಿರುಗಲಿಲ್ಲ.

ಬೇರೆಯವರ ಸೈಕಲ್ಲಾಗಿದ್ದರೆ ಬೆರಳಲ್ಲಿ ಎತ್ತಿ ಹಲ್ಲಿಗೆ ಕೂರಿಸಿ ಅರ್ಧ ನಿಮಿಷದಲ್ಲಿ ಹೊರಡಬಹುದಿತ್ತು. ನನ್ನದಕ್ಕೆ ತಗಡಿನ ಪೆಟ್ಟಿಗೆ. ಅದರ ಹಿಂದಿನ ಮುಚ್ಚಳ ಬಿಚ್ಚಬೇಕು, ಒಳಗೆ ಬೆರಳು ತೂರಿಸಿ ಕಾಣದ ಚೈನನ್ನು ಹುಡುಕಬೇಕು. ಹುಣಸೆಮರದ ಕೆಳಗೆ ಕೂತು ಸೀಟಿನ ಚೀಲದಿಂದ ನಟ್ಟು ಬಿಚ್ಚುವ ಪಾನಾ ತೆಗೆದು ಅಪ್ಪನನ್ನು ಬೈಯುತ್ತಾ ತಿರುಗಿಸತೊಡಗಿದೆ. ಸರಿಯಾಗಿ ಆಗಲೇ ಮಂಡ್ಯದಿಂದ ಮಳವಳ್ಳಿಗೆ ಹೋಗುವ ಬಸ್ಸು ಬಂತು. ನನ್ನ ಪಕ್ಕ ಹಾಯುವಾಗ ಕಿಟಕಿಯಿಂದ ಒಂದು ತಲೆ ಹೊರಬಂತು. ಅಪ್ಪ. ರೇಸು ನೋಡಲು ರಜ ಹಾಕಿ ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಹಿಂದಿನ ನಟ್ಟನ್ನು ಮೊದಲು ಸಡಿಲ ಮಾಡು ಎಂದು ಕೂಗಿದ್ದು ಅರ್ಧ ಕೇಳಿಸಿತು, ಉಳಿದರ್ಧವನ್ನು ಬಸ್ಸು ಹೊತ್ತುಕೊಂಡು ಹೋಯಿತು. ಸಿಟ್ಟು ನೆತ್ತಿಗೇರಿತು. ಆದರೂ ನಟ್ಟು ಸಡಿಲ ಮಾಡಿದೆ, ಚೈನು ಕೂತಿತು.

ಹತ್ತಿ ಹೊರಟರೆ ಮುಂದೆ ರಸ್ತೆ ಖಾಲಿ. ಹಿಂದೆ ಅವಿತುಕೊಳ್ಳಲು ಯಾರ ಬೆನ್ನೂ ಇಲ್ಲ, ಗಾಳಿಯೆಲ್ಲ ನನ್ನ ಎದೆಗೇ. ಎಲೆಹಸಿರು ಸೈಕಲ್ಲು ಹೋಯಿತು, ಕಾಲೇಜು ಹೋಯಿತು ಎಂದು ಅಳುತ್ತಾ ತುಳಿದೆ. ಅತ್ತರೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ತುಳಿಯಲಾಗುವುದಿಲ್ಲ. ಒಂದು ಫರ್ಲಾಂಗಿನಲ್ಲಿ ಅಳುವುದನ್ನು ಬಿಟ್ಟೆ. ಬೈಯುವುದನ್ನು ಬಿಡಲಿಲ್ಲ.

ನಾಲೆಯ ನೀರು ಹತ್ತದ ಒಂದು ಊರು ಬಂತು. ರಸ್ತೆ ಅಲ್ಲಿ ಸ್ವಲ್ಪ ತಿರುಗುತ್ತದೆ. ತಿರುವು ದಾಟಿದರೆ ಟಾರೇ ಕಾಣುತ್ತಿಲ್ಲ. ಎರಡು ಫರ್ಲಾಂಗು ಉದ್ದಕ್ಕೆ, ಈ ಅಂಚಿನಿಂದ ಆ ಅಂಚಿಗೆ, ಮೊಣಕಾಲೆತ್ತರ ಹುರುಳಿ ಗಿಡ ಹಾಸಿದ್ದರು. ಅದರ ನಡುವೆ ಅಲ್ಲೊಬ್ಬಳು ಇಲ್ಲೊಬ್ಬಳು, ನನ್ನ ಹದಿಮೂರು ಜನ. ಕೆಲವರು ಸೈಕಲ್ಲು ಮಲಗಿಸಿಕೊಂಡು ಚೈನಿನಿಂದ ಬಳ್ಳಿ ಕೀಳುತ್ತಿದ್ದರು, ಕೆಲವರು ಎಳೆದಾಡುತ್ತಿದ್ದರು, ಒಬ್ಬಳು ಸುಮ್ಮನೆ ಕೂತು ನಗುತ್ತಿದ್ದಳು. ಸುತ್ತ ಆ ಊರಿನ ಹೆಂಗಸರು ಕವೆಗೋಲು ಹಿಡಿದು ಗಿಡ ಮಗುಚುತ್ತಾ ಒಳ್ಳೆ ಹುಮ್ಮಸ್ಸಿನಲ್ಲಿದ್ದರು.

ಆಗಿದ್ದು ಇಷ್ಟು. ನಮ್ಮ ಕಡೆ ಹುರುಳಿ ರಾಗಿಯನ್ನು ಟಾರು ರಸ್ತೆಗೆ ಹರಡುವುದು ವಾಡಿಕೆ. ಬಸ್ಸು ಲಾರಿಗಳು ತುಳಿದು ಹೋದರೆ ಒಕ್ಕಣೆ ತಾನಾಗಿ ಆಗುತ್ತದೆ, ಎತ್ತೂ ಬೇಡ, ಉರುಳಿಸುವ ಕಲ್ಲುಗುಂಡೂ ಬೇಡ. ಆದರೆ ಆ ರಸ್ತೆಯಲ್ಲಿ ದಿನಕ್ಕೆ ನಾಲ್ಕೇ ಬಸ್ಸು. ಹಿಂದಿನ ಸಂಜೆ ರೇಸಿನ ಕಡೆಯವರು ಊರೂರಿಗೆ ತಮಟೆ ಹೊಡೆಸಿ, ನಾಳೆ ರಸ್ತೆ ತುಂಬ ಸೈಕಲ್ಲು ಬರುತ್ತವೆ, ಹಿಂದೆ ಜೀಪೂ ಬರುತ್ತದೆ, ಯಾರೂ ಗಾಡಿ ಕಟ್ಟಬಾರದು, ದನ ಬಿಡಬಾರದು ಎಂದು ಸಾರಿಸಿದ್ದರು. ರಸ್ತೆ ಖಾಲಿ ಇರಲೆಂದು ಸಾರಿಸಿದ್ದು. ಆ ಊರಿನವರ ಕಿವಿಗೆ ಬಿದ್ದದ್ದು ಚಕ್ರಗಳು ಬರುತ್ತವೆ ಎನ್ನುವ ಮಾತು. ಇಡೀ ಊರು ಬೆಳಕು ಹರಿಯುವ ಮೊದಲೇ ಎದ್ದು ಇದ್ದಬದ್ದ ಹುರುಳಿಯನ್ನೆಲ್ಲ ತಂದು ಹಾಸಿತ್ತು.

ಎತ್ತರದ ಹುಡುಗಿ ನಡುವೆ ನಿಂತು ಒಬ್ಬ ಮುದುಕಿಯ ಜೊತೆ ಜಗಳ ಹೂಡಿದ್ದಳು. ಮುದುಕಿ ಕವೆಗೋಲಿಗೆ ಒರಗಿಕೊಂಡು ಸಮಾಧಾನದಲ್ಲಿ ಹೇಳಿದಳು. "ಗಾಡಿ ಕಟ್ಬ್ಯಾಡಿ ಅಂದ್ರು, ಕಟ್ನಿಲ್ಲ. ದನ ಬುಡಬ್ಯಾಡಿ ಅಂದ್ರು, ಬುಡ್ನಿಲ್ಲ. ಉಳ್ಳಿ ಆಕ್ಬ್ಯಾಡಿ ಅಂತ ಯಾವನಂದ ಕಣಮ್ಮ?"

ನಾನು ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲಾಗುವುದಿಲ್ಲ ಎಂದು ಗೊತ್ತಿತ್ತು. ಸ್ವಲ್ಪ ಮುಂಚೆ ಬಸ್ಸು ಹಾದಿದ್ದ ಗೆರೆಯಲ್ಲಿ ಗಿಡ ತುಸು ಅಡಗಿತ್ತು, ಅದರ ಮೇಲೆ ಎದ್ದು ನಿಂತು ತುಳಿದೆ. ಬಳ್ಳಿ ಬಂದು ಪೆಟ್ಟಿಗೆಗೆ ಬಡಿಯಿತು, ಸುತ್ತಿಕೊಳ್ಳಲು ಜಾಗ ಸಿಗದೆ ಜಾರಿತು. ಚಕ್ರಕ್ಕೆ ಸಿಕ್ಕಿದ್ದನ್ನು ಮಡ್ಗಾರ್ಡು ಕೆರೆದು ಬಿಸಾಡಿತು. ಅಪ್ಪನ ಸೈಕಲ್ಲು ಎಮ್ಮೆ ಕೆರೆ ದಾಟುವ ಹಾಗೆ, ಅವಸರವಿಲ್ಲದೆ, ನಿಲ್ಲದೆ ಮುಂದೆ ಹೋಯಿತು. ಎತ್ತರದ ಹುಡುಗಿ ನನ್ನ ಕಡೆ ತಿರುಗಿದವಳು ಬಾಯಿ ಬಿಟ್ಟು ನೋಡಿದಳು. "ಲೇ, ನಿಂದ್ಯಾಕ್ಲೇ ಸಿಕ್ಕಾಕ್ಕಳ್ನಿಲ್ಲ?" ಎಂದಳು. ನಾನು ಪೆಟ್ಟಿಗೆಯನ್ನು ಕಾಲಲ್ಲಿ ತಟ್ಟಿ ತೋರಿಸಿ ದಾಟಿದೆ.

ಆ ಕೊನೆಯಲ್ಲಿ ಮುದುಕಿಯ ಸೊಸೆಯೋ ಮಗಳೋ ಒಬ್ಬಳು ಅಡ್ಡ ನಿಂತಳು. ಇಷ್ಟು ಚೆನ್ನಾಗಿ ತುಳಿದದ್ದು ಇವಳೊಬ್ಬಳೇ, ಇನ್ನೊಂದು ಸಲ ಆ ಕಡೆಗೆ ಹೋಗಿ ಬರಲಿ ಎಂದು ಅವಳ ಕೋರಿಕೆ. ಸಾಯಂಕಾಲ ಬರುತ್ತೇನೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಮುಂದಿನ ರಸ್ತೆಯಲ್ಲಿ ಗಾಳಿ ಅಷ್ಟೇ ಇತ್ತು, ಆದರೆ ಅದು ಎದುರುಗಾಳಿ ಎಂದು ನನಗೆ ಅನ್ನಿಸಲಿಲ್ಲ. ಹಾಡಿಕೊಂಡು ಮಳವಳ್ಳಿ ಸೇರಿದೆ. ಹುಡುಗಿಯರ ಸ್ಕೂಲಿನ ಮೈದಾನದಲ್ಲಿ ಗೆರೆ ದಾಟಿದಾಗ ಹಿಂದೆ ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ. ಹಾರ ಹಾಕಿದರು, ಎಳನೀರು ಕೊಟ್ಟರು. ಅಪ್ಪ ಕೊಡೆ ಹಿಡಿದು ಗೋಡೆಯ ಪಕ್ಕ ನಿಂತಿದ್ದ. ಅವನ ಮುಖದಲ್ಲಿ ಎಲ್ಲರಷ್ಟು ಖುಷಿಯಿರಲಿಲ್ಲ, ಬಿಸಿಲಿಗಿರಬೇಕು ಎಂದುಕೊಂಡೆ.

ಹತ್ತು ಹನ್ನೆರಡು ನಿಮಿಷವಾದ ಮೇಲೆ ಉಳಿದವರು ಬಂದರು, ತಲೆಯಲ್ಲಿ ಜಡೆಯಲ್ಲಿ ಎಲ್ಲ ಹುರುಳಿ ಸಿಪ್ಪೆ. ಅವರ ಹಿಂದೆ ಜೀಪು, ಅದರ ರೇಡಿಯೇಟರಿನಲ್ಲೂ ಹುರುಳಿ. ಗಲಾಟೆ ಶುರುವಾಯಿತು. ಆ ದಿನದ ಮುಖ್ಯ ತೀರ್ಪುಗಾರ್ತಿ ಆ ಸ್ಕೂಲಿನ ಹೆಡ್‌ಮಿಸ್ಸು. ದಪ್ಪ ಕನ್ನಡಕ, ಬಿಳಿ ಸೀರೆ, ಮಾತು ಕಡಿಮೆ. ಎಲ್ಲರನ್ನೂ ಒಂದು ತರಗತಿಯ ಬೆಂಚುಗಳ ಮೇಲೆ ಕೂರಿಸಿದರು. ಹುರುಳಿ ಹಾಸಿದ್ದು ಹುಡುಗಿಯರ ತಪ್ಪಲ್ಲ, ಅದರಿಂದ ಯಾರಿಗೂ ಲಾಭವೂ ಆಗಬಾರದು, ನಷ್ಟವೂ ಆಗಬಾರದು, ಹುರುಳಿ ಶುರುವಾದ ಜಾಗಕ್ಕೆ ಬಂದಾಗ ಯಾರ ನಡುವೆ ಎಷ್ಟು ಅಂತರವಿತ್ತೋ ಅದನ್ನೇ ಹಿಡಿಯೋಣ ಎಂದರು. ನ್ಯಾಯವಾದ ಮಾತು. ಆದರೆ ಜೀಪಿನವರು ಆಗ ವಡೆ ತಿನ್ನುತ್ತಿದ್ದರು, ಅಂತರ ನೋಡಿದವರು ಯಾರೂ ಇಲ್ಲ.

ಪಿ.ಟಿ. ಮೇಷ್ಟ್ರು ಹುಡುಗಿಯರನ್ನೇ ಕೇಳಿದರು. ಎತ್ತರದ ಹುಡುಗಿ ತಲೆ ಕೆರೆದುಕೊಂಡಳು. ನಾವೆಲ್ಲ ಒಂದೇ ಗುಂಪಿನಲ್ಲಿದ್ದೆವು, ಇವಳು ಬೆಳಗ್ಗೆಯಿಂದ ನನ್ನ ಬೆನ್ನಿಗೇ ಅಂಟಿಕೊಂಡಿದ್ದಳು, ಬಾಲದಲ್ಲೆಲ್ಲೋ ಇದ್ದಿರಬೇಕು ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಹೆಡ್‌ಮಿಸ್ಸು ಬೆಂಚಿನ ಉದ್ದಕ್ಕೂ ಕಣ್ಣು ಹಾಯಿಸಿ, ಹಾಗಾದರೆ ಎಲ್ಲರೂ ಒಟ್ಟಿಗೇ ಇದ್ದಿರಿ ಎಂದು ಬರೆಯಲೇ ಎಂದು ಕೇಳಿದರು.

ಒಟ್ಟಿಗೇ ಎಂದು ಬರೆದರೆ ನನ್ನ ಒಂದು ನಿಮಿಷ ನನ್ನದೇ. ಮೂರನೆಯ ದಿನ ಏರಿಳಿತದ ರಸ್ತೆ, ಅದರಲ್ಲಿ ನನ್ನನ್ನು ಸೋಲಿಸುವವರಿಲ್ಲ. ಅಂದರೆ ಎಲೆಹಸಿರು ಸೈಕಲ್ಲು ನನ್ನದು, ಜೂನ್ ನನ್ನದು. ನಾನು ಬಾಯಿ ತೆರೆದು ಸುಳ್ಳು ಹೇಳಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಹದಿಮೂರು ತಲೆ ಹೌದೆಂದು ಅಲ್ಲಾಡಿದವು. ನನ್ನ ತಲೆಯೂ ಅಲ್ಲಾಡಿತು. ಹೆಡ್‌ಮಿಸ್ಸು ಪೆನ್ನಿನ ಕ್ಯಾಪು ತೆಗೆದರು. ನಾನು ಬೆಂಚಿನ ಮೇಲೆ ಉದುರಿದ್ದ ಹುರುಳಿ ಸಿಪ್ಪೆಯನ್ನು ಒಂದೊಂದಾಗಿ ಆರಿಸತೊಡಗಿದೆ.

ಹಿಂದೆ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತು. ನೋಡಿದರೆ ಅಪ್ಪ ಕೊಡೆಯನ್ನು ಗೋಡೆಗೊರಗಿಸಿ ಎದ್ದು ನಿಂತಿದ್ದ. ಕ್ಷಮಿಸಬೇಕು, ಒಂದು ಮಾತಿದೆ ಎಂದ. ಏಳು ನಂಬರಿನ ಹುಡುಗಿ ಗುಂಪಿನಲ್ಲಿರಲಿಲ್ಲ, ಅವಳ ಚೈನು ಬಿದ್ದಿತ್ತು, ಹುರುಳಿಗೆ ಇನ್ನೂ ಒಂದೂವರೆ ಕಿಲೋಮೀಟರು ಇರುವಂತೆ ಹುಣಸೆಮರದ ಕೆಳಗೆ ಕೂತು ಪಾನಾ ತಿರುಗಿಸುತ್ತಿದ್ದಳು, ನಮ್ಮ ಬಸ್ಸು ಅವಳನ್ನು ದಾಟಿ ಹುರುಳಿಯ ಹತ್ತಿರ ಬಂದಾಗ ಉಳಿದವರು ಆಗಲೇ ಸಿಕ್ಕಿಹಾಕಿಕೊಂಡಿದ್ದರು, ಎರಡೂ ಕಡೆ ಕಿಲೋಮೀಟರು ಕಲ್ಲಿನ ನಂಬರು ನೋಡಿದ್ದೇನೆ ಎಂದ. ಹೆಡ್‌ಮಿಸ್ಸು ಕನ್ನಡಕ ಮೇಲೆತ್ತಿ, ತಾವು ಯಾವ ಹುಡುಗಿಯ ಕಡೆಯವರು ಎಂದು ಕೇಳಿದರು.

"ಅವಳ ಅಪ್ಪ," ಎಂದ ಅಪ್ಪ.

ಇಡೀ ತರಗತಿ ಗೊಳ್ಳೆಂದಿತು. ಆಮೇಲಿನದು ಇನ್ನೂ ಚೆಂದ. ಇಬ್ಬರೂ ಮೇಷ್ಟ್ರುಗಳೇ ಆದ್ದರಿಂದ ಬೋರ್ಡಿನ ಮುಂದೆ ನಿಂತುಬಿಟ್ಟರು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವಳು ಒಂದೂವರೆ ಕಿಲೋಮೀಟರು ಹೋಗಲು ಎಷ್ಟು ಹೊತ್ತು ಬೇಕು. ಅಪ್ಪ ಸೀಮೆಸುಣ್ಣದಲ್ಲಿ ಬರೆಯುತ್ತಾನೆ, ಹೆಡ್‌ಮಿಸ್ಸು ಪಕ್ಕದಲ್ಲಿ ಸರಿ ಹಾಕುತ್ತಾರೆ. ನಾಲ್ಕೂವರೆ ನಿಮಿಷ ಎಂದು ಉತ್ತರ ಬಂತು. ನಾಲ್ಕನೆಯ ಕ್ಲಾಸಿನ ಲೆಕ್ಕ, ನನ್ನನ್ನೇ ಬೋರ್ಡಿನ ಮೇಲೆ ಹಾಕಿ ಬಿಡಿಸಿದ್ದು. ಒಂದು ನಿಮಿಷ ಮುಂದಿದ್ದವಳು ಮೂರೂವರೆ ನಿಮಿಷ ಹಿಂದೆ ಬಿದ್ದೆ. ಅಪ್ಪ ಕೈಯ ಸುಣ್ಣ ಕೊಡವಿಕೊಂಡು ನನ್ನ ಹತ್ತಿರ ಬಂದ. ನಾನು ಎದ್ದು ಹೊರಗೆ ಹೋದೆ. ಸಂಜೆ ಅವನು ಕಿರುಗಾವಲಿನ ಬಸ್ಸು ಹತ್ತಿದಾಗಲೂ, ರಾತ್ರಿಗೆ ನಮ್ಮನ್ನು ಇಳಿಸಿದ್ದ ಆ ಸ್ಕೂಲಿನ ಹಾಸ್ಟೆಲಿನಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದೆ.

ಮೂರನೆಯ ದಿನ ನಾನು ಸಿಟ್ಟಿನಲ್ಲೇ ತುಳಿದೆ. ಸಿಟ್ಟಿನಷ್ಟು ಒಳ್ಳೆಯ ಹಿಂಗಾಳಿ ಬೇರೆ ಇಲ್ಲ. ಕಿರುಗಾವಲು ದಾಟಿದ ಮೇಲಿನ ಏರುಗಳಲ್ಲಿ ಎತ್ತರದ ಹುಡುಗಿಯನ್ನು ಬಿಟ್ಟು ಒಬ್ಬಳೇ ಮುಂದೆ ಬಂದೆ. ಮಂಡ್ಯದಲ್ಲಿ ಗೆರೆ ದಾಟಿ, ಸೈಕಲ್ಲಿಗೆ ಒರಗಿಕೊಂಡು, ಅವಳು ಬರುವುದನ್ನು ಕಾಯುತ್ತಾ ಮನಸ್ಸಿನಲ್ಲೇ ಎಣಿಸಿದೆ. ಬರಬೇಡ, ಇನ್ನೂ ಬರಬೇಡ ಎಂದು ಬೇಡಿಕೊಂಡೆ. ಅವಳು ಬಂದಳು. ಮೂರು ದಿನದ್ದೂ ಕೂಡಿಸಿದಾಗ ಐವತ್ತು ಸೆಕೆಂಡಿನಿಂದ ಸೈಕಲ್ಲು ಅವಳದಾಯಿತು. ಪಾಪ, ಅವಳು ಸಂಭ್ರಮದಲ್ಲಿ ನನ್ನನ್ನು ತಬ್ಬಿಕೊಂಡು ನೆಲ ಬಿಡಿಸಿ ಎತ್ತಿಬಿಟ್ಟಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ನನ್ನ ಕೈಗೆ ನಾಲ್ಕು ಡಬ್ಬಿಯ ಟಿಫನ್ ಕ್ಯಾರಿಯರು ಬಂತು.

ಬಹುಮಾನ ಕೊಡುವುದು ಮುಗಿದಾಗ ಇಳಿಹೊತ್ತು. ಅಪ್ಪ ಮಂಡ್ಯಕ್ಕೆ ಬಂದು ಕಾಯುತ್ತಿದ್ದ. ಊರಿಗೆ ಇಬ್ಬರಿಗೂ ಒಂದೇ ಸೈಕಲ್ಲು. 'ದಣಿದಿದ್ದೀಯ, ಹಿಂದೆ ಕೂತ್ಕೊ' ಎಂದ. ನಾನು ಸೀಟಿನ ಮೇಲೆ ಕೂತು ಒಂದು ಕಾಲು ಊರಿ ನಿಂತೆ. ಅವನು ಪಂಚೆ ಎತ್ತಿ ಕಟ್ಟಿ, ಟಿಫನ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಮಂಡ್ಯದ ಪೇಟೆಯಲ್ಲಿ ಹುಡುಗಿ ತುಳಿಯುವುದನ್ನೂ ಮೇಷ್ಟ್ರು ಹಿಂದೆ ಕೂತಿರುವುದನ್ನೂ ನೋಡಿ ಜನ ನಕ್ಕರು. ನಗಲಿ ಎಂದು ಬೆಲ್ಲು ಹೊಡೆದುಕೊಂಡೇ ಹೋದೆ.

ಊರು ಅರ್ಧ ದಾರಿ ಇರುವಾಗ ಬಾಯಿ ಬಿಟ್ಟೆ. ಸುಮ್ಮನಿದ್ದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಏನೂ ಹೋಗುತ್ತಿರಲಿಲ್ಲ, ಸೈಕಲ್ಲು ಬರುತ್ತಿತ್ತು ಎಂದ. ಜೂನಿನಿಂದ ನಾನು ಕಾಲೇಜಿಗೆ ಹೇಗೆ ಹೋಗಲಿ ಎಂದೆ. ಇದರಲ್ಲೇ ಹೋಗು ಎಂದ. ನನಗೆ ಅರ್ಥವಾಗಲಿಲ್ಲ. ಅಪ್ಪ ನಿಧಾನವಾಗಿ ಹೇಳಿದ. ಅವನು ಆವತ್ತು ಬಸ್ಸು ಹತ್ತಿದ್ದು ಬರೀ ರೇಸು ನೋಡಲಲ್ಲ. ಹೊಸ ಸ್ಕೂಲಿನ ಊರಿನಲ್ಲಿ ಒಂದು ರೂಮು ನೋಡಲು. ಸಿಕ್ಕಿದೆ, ಚಿಕ್ಕದು, ಶನಿವಾರ ಊರಿಗೆ ಬಂದು ಸೋಮವಾರ ಹೋಗುವುದು, ಸೈಕಲ್ಲು ನಿನ್ನ ಹತ್ತಿರವೇ ಇರಲಿ ಎಂದ. ಅವ್ವನ ಕೈಯ ಮುದ್ದೆಯಲ್ಲದೆ ಬೇರೊಂದು ಒಗ್ಗದವನು, ಒಂದು ದಿನ ಒಲೆ ಹಚ್ಚಿದವನಲ್ಲ. ಮುದ್ದೆ ತಿರುವುವುದೇನು ಮಹಾ, ಕಲಿಯುತ್ತೇನೆ ಎಂದ. ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. ಹೇಳಿದ್ದರೆ ನೀನು ಹಾಗೆ ತುಳಿಯುತ್ತಿದ್ದೆಯಾ ಎಂದು ಕೇಳಿದ, ಹಿಂದಿನಿಂದ ನಕ್ಕದ್ದು ಕೇಳಿಸಿತು.

ನನಗೂ ನಗು ಬಂತು. ಎರಡು ದಿನದ ಸಿಟ್ಟು ಇಳಿದು ಕಾಲು ಹಗುರವಾಯಿತು. ಆ ಖುಷಿಯಲ್ಲೇ, ಹಾಗಿದ್ದ ಮೇಲೆ ಅಷ್ಟು ಜನರ ಮುಂದೆ ಅಷ್ಟು ಬೇಗ ಎದ್ದು ನಿಲ್ಲುವ ಅವಸರವೇನಿತ್ತು ನಿನಗೆ ಎಂದು ಛೇಡಿಸಿದೆ.

"ಬೇಗ ಏಳ್ನಿಲ್ಲ ಕಣವ್ವ," ಎಂದ ಅಪ್ಪ. "ನೀನು ಎದ್ದು ಯೋಳ್ತೀಯ ಅಂತ ಕಾದೆ. ಆಯಮ್ಮ ಪೆನ್ನು ತಗಿಯೋಗಂಟ ಕಾದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಆ ವಿಷಯವನ್ನು ಮುಂದೆ ಯಾವತ್ತೂ ಎತ್ತಲೂ ಇಲ್ಲ. ನನಗೆ ಮುಖವೆಲ್ಲ ಬಿಸಿಯಾಯಿತು. ಅವನು ನನ್ನ ಹಿಂದೆ ಕೂತಿದ್ದಾನೆ, ನನ್ನ ಮುಖ ಕಾಣುವುದಿಲ್ಲ ಎನ್ನುವುದೇ ಆಗ ದೊಡ್ಡ ಪುಣ್ಯ. ಕಣ್ಣು ಮಂಜಾಗಿ ಸೈಕಲ್ಲು ಸ್ವಲ್ಪ ಓಲಾಡಿತು, ರಸ್ತೆ ನೋಡಿಕೊಂಡು ತುಳಿ ಎಂದಷ್ಟೇ ಹೇಳಿದ.

ನಮ್ಮೂರಿನ ಹತ್ತಿರ ಒಂದು ಏರಿದೆ. ಅಲ್ಲಿಗೆ ಬಂದಾಗ ಅಪ್ಪ ಟಿಫನ್ ಕ್ಯಾರಿಯರು ಸರಿಮಾಡಿಕೊಂಡು, ಮೂರು ದಿನ ತುಳಿದಿದ್ದೀಯ, ಇಲ್ಲಿ ನಾನು ಇಳಿದು ನಡೆಯುತ್ತೇನೆ ಎಂದ.

"ಬ್ಯಾಡ, ಕೂತ್ಕೊ," ಎಂದೆ. ಸೀಟಿನಿಂದ ಎದ್ದು ನಿಂತು, ಅವನನ್ನು ಕೂರಿಸಿಕೊಂಡೇ ಆ ಏರು ಹತ್ತಿಸಿದೆ.